ಸ್ವಿಚ್ ಆಫ್ ಮಾಡಿದರೆ ರೋಗ ಮಾಯವಂತೆ!

"ರೋಗಾಣುವಿನ ಜೀನ್ ಪತ್ತೆ, ಇನ್ನು ಸೋಂಕಿಗೆ ಪೂರ್ಣವಿರಾಮ!" ಇಂಥ ತಲೆಬರಹಗಳು ಆಗಾಗ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಪತ್ರಿಕೆಯವರು ಬರೆಯಲಿ ಬಿಡಿ, ಅವರಿಗೆ ಪೇಪರ್ ಮಾರಾಟವಾಗಬೇಕು. ನಾವು ಬ್ಲಾಗಿಗರೂ ಅದನ್ನೇ ಕಟ್-ಪೇಸ್ಟ್ ಮಾಡಿ ಹಾಕಿದರೆ ಹೇಗೆ ಸ್ವಾಮಿ?

ಬಯೋಫಿಲ್ಮ್ ವಿಷಯವನ್ನೇ ತಗೊಳ್ಳಿ. ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆಗೆ ಸಿಗುವ ಲೋಳೆ ಇದೆಯಲ್ಲ, ಅದೇ. ಬ್ಯಾಕ್ಟೀರಿಯಾಗಳು ಗುಂಪುಗೂಡಿ, ತಾವೇ ಒಸರಿದ ಅಂಟಿನೊಳಗೆ ಸಂಸಾರ ಹೂಡುತ್ತವೆ. ಒಳಗಿದ್ದವು ಔಷಧಿಗೆ ಸುಲಭಕ್ಕೆ ಸಾಯುವುದಿಲ್ಲ. ಸುತ್ತ ತಮ್ಮವರು ಎಷ್ಟಿದ್ದಾರೆ ಅಂತ ರಾಸಾಯನಿಕ ಸಂಕೇತಗಳಿಂದ ಲೆಕ್ಕ ಹಾಕಿ, ಅಂಟಿನ ಜೀನ್‌ಗಳನ್ನು ಏರಿಸುತ್ತವೆ, ಇಳಿಸುತ್ತವೆ. ಈ ತಲೆ ಎಣಿಕೆಗೆ ಕೋರಂ ಸೆನ್ಸಿಂಗ್ ಅಂತ ಹೆಸರು.

"ಆ ಸಂಕೇತ ತಡೆದರೆ ಮುಗೀತು" ಅನ್ನುವುದು ತಲೆಬರಹದ ತರ್ಕ. ಸೂಡೊಮೊನಾಸ್ ಏರುಜಿನೋಸದಲ್ಲಿ ಇದಕ್ಕೆ ಆಧಾರವಿದೆ. ಸಂಕೇತ ತಯಾರಿಸುವ ಲಾಸ್-ಐ ಜೀನ್ ಕೆಟ್ಟ ತಳಿ ತೆಳ್ಳನೆಯ, ಸುಲಭವಾಗಿ ಕಿತ್ತುಬರುವ ಪದರ ಕಟ್ಟಿತು ಅಂತ 1998ರಲ್ಲೇ ಪ್ರಯೋಗ ತೋರಿಸಿತ್ತು.

ಕಾಲರಾ ರೋಗಾಣುವಿನಲ್ಲಿ ಕಥೆ ಪೂರ್ತಿ ಉಲ್ಟಾ! ಗುಂಪು ದೊಡ್ಡದಾದಾಗ ಹ್ಯಾಪ್-ಆರ್ ಎಂಬ ಪ್ರೋಟೀನ್ ಹೆಚ್ಚಿ, ಅಂಟು ತಯಾರಿಸುವ ವಿಪಿಎಸ್ ಜೀನ್‌ಗಳನ್ನು ಅದುಮುತ್ತದೆ. ಅಲ್ಲಿ ಸಂಕೇತ ತಡೆದರೆ ಅಂಟು ಇನ್ನೂ ಹೆಚ್ಚಬಹುದು. ಸ್ಟೆಫೈಲೋಕಾಕಸ್ ಆರಿಯಸ್‌ನ ಎ-ಜಿ-ಆರ್ ವ್ಯವಸ್ಥೆಯೂ ಹಾಗೇ, ಅದು ಚುರುಕಾದರೆ ಬಯೋಫಿಲ್ಮ್ ಚದುರುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ಗೊಬ್ಬರ! "ಬ್ಯಾಕ್ಟೀರಿಯಾದ ಸ್ವಿಚ್ ಸಿಕ್ಕಿತು" ಅಂತ ಬರೆಯುವವರನ್ನು "ಯಾವ ಬ್ಯಾಕ್ಟೀರಿಯಾದ್ದು?" ಅಂತ ನಾವು ಕೇಳಬೇಡವೇ?

ಇನ್ನೊಂದು ಮಾತು. ಕಾಲರಾ ರೋಗಾಣು ನೀರಿನ ಪ್ಲಾಂಕ್ಟನ್‌ಗಳ ಮೈಗೆ ಅಂಟಿಕೊಂಡಿರುತ್ತದೆ. ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮತ್ಲಬ್‌ನ ಹಳ್ಳಿಗಳಲ್ಲಿ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸುವುದನ್ನು ಕಲಿಸಿದರು. ಕಾಲರಾ 48% ಕಡಿಮೆಯಾಯಿತು ಅಂತ 2003ರಲ್ಲಿ ವರದಿ ಮಾಡಿದರು. ರೋಗಾಣು ಅಂಟಿಕೊಂಡು ಬದುಕುತ್ತದೆ ಅನ್ನುವ ತಿಳಿವಳಿಕೆಯೇ ಅಲ್ಲಿ ಜೀವ ಉಳಿಸುವ ಉಪಾಯವಾಯಿತು. ಹಳೇ ಸೀರೆಗೆ ಯಾರು ತಲೆಬರಹ ಕೊಡುತ್ತಾರೆ ಹೇಳಿ?

ಜೀನ್ ಸಂಶೋಧನೆ ಬೇಡ ಅನ್ನುತ್ತಿಲ್ಲ. ಕಾಲರಾದ ಉಲ್ಟಾ ಲೆಕ್ಕ ಗೊತ್ತಾಗಿದ್ದೂ ಅದರಿಂದಲೇ. ಆದರೆ ಮುಂದಿನ ಸಲ ಪೋಸ್ಟ್ ಹಾಕುವ ಮುಂಚೆ ಎರಡೇ ಸಾಲು ಸೇರಿಸಿ: ಯಾವ ರೋಗಾಣು? ಪ್ರಯೋಗ ಗಾಜಿನ ತಟ್ಟೆಯಲ್ಲೋ, ರೋಗಿಯ ಮೈಯಲ್ಲೋ? ಓದುವವರಲ್ಲಿ ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡವರೂ ಇರುತ್ತಾರೆ. ಅವರಿಗೆ ಸುಳ್ಳು ಆಸೆ ಹುಟ್ಟಿಸಿ ಹಿಟ್ಸ್ ಗಳಿಸುವುದು ಬೇಡ. ಏನಂತೀರಿ?