ಕಾಲೇಜು ಬೋಧನೆಯೂ ಮನೋನಕ್ಷೆಯೂ

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಾಡಿನ ಅನೇಕ ಕಾಲೇಜುಗಳ ತರಗತಿಗಳಿಗೆ ಪ್ರೊಜೆಕ್ಟರೂ ಸ್ಮಾರ್ಟ್ ಬೋರ್ಡೂ ಬಂದಿವೆ. ಅವುಗಳ ಬೆನ್ನಿಗೇ 'ಮೈಂಡ್ ಮ್ಯಾಪ್' ಎಂಬ ಮನೋನಕ್ಷೆಯೂ ಬಂದಿದೆ. ಸಾಧನಗಳು ಬಂದುದಕ್ಕೆ ನಮ್ಮ ಆಕ್ಷೇಪಣೆಯೇನೂ ಇಲ್ಲ. ಆದರೆ ಉಪನ್ಯಾಸಕರು ಮೊದಲೇ ಸಿದ್ಧಪಡಿಸಿದ ನಕ್ಷೆಯನ್ನು ತೆರೆಯ ಮೇಲೆ ಮೂಡಿಸುವುದು, ವಿದ್ಯಾರ್ಥಿಗಳು ಅದರ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೊರಡುವುದು, ಇದನ್ನೇ ನೂತನ ಬೋಧನಾಕ್ರಮವೆಂದು ಕರೆಯುವುದಾದರೆ, ಹಿಂದಿನ 'ನೋಟ್ಸ್' ಬರೆಯಿಸುವ ಪದ್ಧತಿಗೂ ಇದಕ್ಕೂ ಇರುವ ಅಂತರವು ಬಣ್ಣದ್ದು ಮಾತ್ರ. ಆಗ ವಿದ್ಯಾರ್ಥಿಯ ಕೈಯಾದರೂ ದುಡಿಯುತ್ತಿತ್ತು.

ಮನೋನಕ್ಷೆಯನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಟೋನಿ ಬುಝಾನರು, 1974ರಲ್ಲಿ ಬಿ.ಬಿ.ಸಿ.ಯ ದೂರದರ್ಶನ ಮಾಲೆಯೊಂದರಿಂದ ಅದು ಪ್ರಚಾರಕ್ಕೆ ಬಂದಿತು. ಹಾಳೆಯ ನಡುವೆ ಒಂದು ಚಿತ್ರ, ಸುತ್ತಲೂ ಕೊಂಬೆಗಳು, ಕೊಂಬೆಗೊಂದು ಪದ. ಅದೇ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೋಸೆಫ್ ನೋವಾಕರು, ಮಕ್ಕಳು ವಿಜ್ಞಾನವನ್ನು ಹೇಗೆ ಗ್ರಹಿಸುತ್ತಾರೆಂಬುದನ್ನು ಅರಿಯಲು, ಪರಿಕಲ್ಪನಾ ನಕ್ಷೆಯೆಂಬ ಇನ್ನೊಂದು ಕ್ರಮವನ್ನು ರೂಪಿಸಿದರು. ಇದರಲ್ಲಿ ಎರಡು ಪದಗಳನ್ನು ಕೂಡಿಸುವ ಗೆರೆಯ ಮೇಲೂ ಒಂದು ಮಾತನ್ನು ಬರೆಯಲೇಬೇಕು. ಕಾಲೇಜಿನ ಮಟ್ಟಕ್ಕೆ ಈ ಎರಡನೆಯದೇ ತಕ್ಕುದೆಂದು ನಾವು ಭಾವಿಸುತ್ತೇವೆ.

ಕಾವೇರಿಯ ವಿವಾದವನ್ನೇ ತೆಗೆದುಕೊಳ್ಳೋಣ. 1892 ಮತ್ತು 1924ರ ಒಪ್ಪಂದಗಳು, 1990ರಲ್ಲಿ ನೇಮಕವಾದ ನ್ಯಾಯಮಂಡಳಿ, ಅದು 2007ರಲ್ಲಿ ಕೊಟ್ಟ ಅಂತಿಮ ತೀರ್ಪು, 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಇವನ್ನು ವೃತ್ತಗಳಲ್ಲಿ ಬರೆಯುವುದು ಯಾರಿಗೂ ಕಷ್ಟವಲ್ಲ. 2018ರಲ್ಲಿ ಕರ್ನಾಟಕದ ಪಾಲು 14.75 ಟಿ.ಎಂ.ಸಿ.ಯಷ್ಟು ಹೆಚ್ಚಿತೆಂಬುದನ್ನೂ ಬಾಯಿಪಾಠ ಮಾಡಬಹುದು. ಆದರೆ 'ತಮಿಳುನಾಡಿನ ಅಂತರ್ಜಲ' ಎಂಬ ವೃತ್ತಕ್ಕೂ 'ಕರ್ನಾಟಕದ ಪಾಲು' ಎಂಬ ವೃತ್ತಕ್ಕೂ ನಡುವೆ ಗೆರೆಯೆಳೆದು, ಅದರ ಮೇಲೆ ಏನು ಬರೆಯುವೆಯೆಂದು ಕೇಳಿದರೆ? ಹೆಚ್ಚಿದ ನೀರಿನಲ್ಲಿ 10 ಟಿ.ಎಂ.ಸಿ.ಯು ಕೆಳಗಣ ರಾಜ್ಯದ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದುದರಿಂದ ಬಂದಿತು, ಉಳಿದ 4.75 ಟಿ.ಎಂ.ಸಿ.ಯು ಬೆಂಗಳೂರಿನ ಅಗತ್ಯಕ್ಕಾಗಿ ದೊರೆಯಿತು ಎಂದು ಅರಿತವನು ಮಾತ್ರವೇ ಆ ಗೆರೆಯನ್ನು ತುಂಬಬಲ್ಲನು. ಉಪನ್ಯಾಸಕರೇ ತುಂಬಿ ತೋರಿಸಿದಲ್ಲಿ ಯಾರು ಅರಿತರು, ಯಾರು ಅರಿಯಲಿಲ್ಲವೆಂಬುದು ಗೊತ್ತಾಗುವ ಬಗೆಯೆಂತು?

ಇನ್ನೊಂದು ಎಚ್ಚರಿಕೆಯೂ ಅವಶ್ಯ. 2011ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಕಾರ್ಪಿಕೆ ಮತ್ತು ಬ್ಲಂಟ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ, ಪಾಠವನ್ನು ಎದುರಿಗಿಟ್ಟುಕೊಂಡು ನಕ್ಷೆ ಬರೆದವರಿಗಿಂತ, ಪಾಠವನ್ನು ಮುಚ್ಚಿಟ್ಟು ನೆನಪಿನಿಂದ ಬರೆದವರೇ ಒಂದು ವಾರದ ಅನಂತರದ ಪರೀಕ್ಷೆಯಲ್ಲಿ ಮೇಲಾದರು. 2014ರಲ್ಲಿ ಅವರೇ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ನಕ್ಷೆಯನ್ನೇ ನೆನಪಿನಿಂದ ಬರೆದಾಗ ಅದೂ ಸಮಾನ ಫಲವನ್ನು ಕೊಟ್ಟಿತು. ಎಂದಮೇಲೆ ಗುಣವು ನಕ್ಷೆಯದಲ್ಲ, ಪುಸ್ತಕ ಮುಚ್ಚಿ ಮಾಡಿದ ಶ್ರಮದ್ದು. ಇದಕ್ಕೆ ಬೇಕಾದುದು ಒಂದು ಬಿಳಿಯ ಹಾಳೆ, ಒಂದು ಪೆನ್ಸಿಲು.

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನ ಉಪನ್ಯಾಸಗಳ ನಡುವೆ ಬಂದು ಕುಳಿತ ಹಳ್ಳಿಯ ಹುಡುಗನಿಗೆ ಈ ಹಾಳೆಯು ವಿಶೇಷವಾಗಿ ಉಪಕಾರಿಯಾದೀತು. ವೃತ್ತದೊಳಗೆ ಇಂಗ್ಲಿಷಿನ ಪಾರಿಭಾಷಿಕ ಶಬ್ದವಿರಲಿ, ಗೆರೆಯ ಮೇಲೆ ಅವನ ಸ್ವಂತ ಕನ್ನಡವಿರಲಿ. ವ್ಯಾಕರಣದ ಅಂಜಿಕೆಯಿಂದ ಬಾಯಿ ಕಟ್ಟಿದವನ ತಿಳಿವಳಿಕೆಯೂ ಆಗ ಬೆಳಕಿಗೆ ಬರುವುದು. ಆದರೆ ಅದನ್ನು ಓದಿ ತಿದ್ದುವವರು ಯಾರು? ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಹಸ್ರಾರು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ನಡೆಯುತ್ತಿವೆ. ಬರುವ ವರ್ಷ ಕೆಲಸವುಂಟೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಂದ ಅರುವತ್ತು ಹಾಳೆಗಳನ್ನು ವಾರವಾರವೂ ತಿದ್ದುವ ತಾಳ್ಮೆಯನ್ನು ಅಪೇಕ್ಷಿಸುವುದು ಎಷ್ಟರಮಟ್ಟಿಗೆ ನ್ಯಾಯ? 1984ರ ಆಗಸ್ಟ್ 15ರಂದು ಯು.ಜಿ.ಸಿ.ಯವರು ದೂರದರ್ಶನದಲ್ಲಿ ದೇಶವ್ಯಾಪಿ ಪಾಠಗಳನ್ನು ಆರಂಭಿಸಿದಾಗಲೂ ಪೆಟ್ಟಿಗೆಯು ಮಾತನಾಡಿತು, ವಿದ್ಯಾರ್ಥಿಯು ನೋಡುತ್ತ ಕುಳಿತನು.

ಆದುದರಿಂದ ವಿಶ್ವವಿದ್ಯಾನಿಲಯಗಳು ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಒಂದು ಭಾಗವನ್ನು, ಪುಸ್ತಕ ಮುಚ್ಚಿ, ಎರಡು ಭಾಷೆಗಳಲ್ಲಿ ಯಾವುದರಲ್ಲಾದರೂ ಬರೆದ ನಕ್ಷೆಗೆ ಮೀಸಲಿಡಲಿ. ಸರಕಾರವು ಮುಂದಿನ ಸ್ಮಾರ್ಟ್ ಬೋರ್ಡುಗಳ ಖರೀದಿಗೆ ಮಂಜೂರಾತಿ ಕೊಡುವ ಮೊದಲು, ಖಾಲಿಯಿರುವ ಉಪನ್ಯಾಸಕರ ಹುದ್ದೆಗಳ ಕಡತವನ್ನು ತರಿಸಿಕೊಂಡು ನೋಡಲಿ.