ಬೆನಗಲ್ ರಾಯರ ಅಮೆರಿಕ ಪ್ರಯಾಣ

ಮಕ್ಕಳೇ, ನಿಮ್ಮ ಶಾಲೆಯಲ್ಲೂ ಮಂತ್ರಿಮಂಡಲದ ಚುನಾವಣೆ ನಡೆದಿರಬೇಕು. ಆದರೆ ಮಂತ್ರಿ ಏನು ಮಾಡಬಹುದು, ಏನು ಮಾಡಬಾರದು ಎಂದು ಗೊತ್ತುಮಾಡುವವರು ಯಾರು? ಹೊಸದಾಗಿ ಸ್ವತಂತ್ರವಾದ ದೇಶಕ್ಕೂ ಇದೇ ಪ್ರಶ್ನೆ.

ಅಮೆರಿಕದ 13 ವಸಾಹತುಗಳು 1776ರಲ್ಲಿ ಬ್ರಿಟಿಷರಿಂದ ಬಿಡುಗಡೆ ಸಾರಿದವು. ಯುದ್ಧವನ್ನೂ ಗೆದ್ದವು. ಆದರೆ ಅವುಗಳ ಕೂಡು ಸರಕಾರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ! 1787ರಲ್ಲಿ 55 ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿ, ಬೇಸಿಗೆಯಿಡೀ ಬಾಗಿಲು ಮುಚ್ಚಿಕೊಂಡು ಚರ್ಚಿಸಿ ಸಂವಿಧಾನ ಬರೆದರು. ಅವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, ಗುಲಾಮರ ಪೈಕಿ ಒಬ್ಬರೂ ಇರಲಿಲ್ಲ.

ನಮ್ಮ ಸಂವಿಧಾನ ಸಭೆ ದೆಹಲಿಯಲ್ಲಿ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ಆಗ ಮದ್ರಾಸು ಪ್ರಾಂತ್ಯದಲ್ಲಿದ್ದವು. ಆ ಪ್ರಾಂತ್ಯದಿಂದ ಹೋದವರಲ್ಲಿ ನಮ್ಮ ಉಳ್ಳಾಲ ಶ್ರೀನಿವಾಸ ಮಲ್ಯರೂ ಒಬ್ಬರು. ಆದರೆ ಇವತ್ತು ಹೇಳಹೊರಟದ್ದು ಸಭೆಯ ಸದಸ್ಯರೇ ಅಲ್ಲದ ಇನ್ನೊಬ್ಬರ ಕಥೆ.

ಬೆನಗಲ್ ನರಸಿಂಗ ರಾಯರು 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸಭೆಗೆ ಅವರು ಸಲಹೆಗಾರರು. ಸಂಬಳ ಪಡೆಯಲಿಲ್ಲ, ಮತ ಹಾಕುವ ಹಕ್ಕೂ ಇಲ್ಲ. ಆದರೂ 243 ವಿಧಿಗಳ ಮೊದಲ ಕರಡು ಸಿದ್ಧಪಡಿಸಿದವರು ಅವರೇ. 1947ರ ಕೊನೆಗೆ, ಬಲ್ಲವರನ್ನು ಕೇಳಿ ಬರೋಣವೆಂದು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೊರಟರು.

ಯಾರನ್ನಾದರೂ ಜೈಲಿಗೆ ಹಾಕುವ ಕಾನೂನು ನ್ಯಾಯವಾಗಿದೆಯೇ ಎಂದು ತೂಗಿ ನೋಡುವ ಅಧಿಕಾರ ಅಮೆರಿಕದ ನ್ಯಾಯಾಧೀಶರಿಗಿತ್ತು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೇ ರಾಯರಿಗೆ, ಅದು ನಿಮಗೆ ಬೇಡ ಎಂದರು. ಜನರು ಆರಿಸಿದ ಸಭೆ ಮಾಡಿದ ಕಾನೂನನ್ನು ನಾಲ್ಕಾರು ನ್ಯಾಯಾಧೀಶರು ತಳ್ಳಿಹಾಕುವುದು ಸರಿಯಲ್ಲವೆಂದು ಅವರ ವಾದ. ರಾಯರು ಒಪ್ಪಿದರು, ಕರಡು ಸಮಿತಿಯೂ ಒಪ್ಪಿತು. ಕಾನೂನು ಹೇಳಿದ ಕ್ರಮದಲ್ಲಿ ನಡೆದರೆ ಸಾಕು ಎಂದು 21ನೇ ವಿಧಿ ಬದಲಾಯಿತು.

ಕಾನೂನೇ ಕೆಟ್ಟದ್ದಾದರೆ? ಸಭೆಯಲ್ಲಿ ಹಲವರು ಇದನ್ನೇ ಕೇಳಿ ಜಗಳವಾಡಿದರು. ಆ ಕ್ರಮವೂ ನ್ಯಾಯವಾಗಿರಬೇಕು ಎಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 1978ರಲ್ಲಿ. ನನಗಂತೂ ಆ ಒಂದು ವಿಷಯದಲ್ಲಿ ರಾಯರು ಎಡವಿದರು ಎಂದೇ ಅನಿಸುತ್ತದೆ. ನಿಮ್ಮ ಅಜ್ಜ ಬೇರೆ ಹೇಳಿಯಾರು, ಕೇಳಿ ನೋಡಿ.

1949ರ ನವೆಂಬರ್ 25ರಂದು ಅಂಬೇಡ್ಕರರು, ತಮಗೆ ಸಲ್ಲುವ ಶ್ರೇಯಸ್ಸಿನಲ್ಲಿ ಒಂದು ಪಾಲು ರಾಯರದೆಂದು ಸಭೆಯಲ್ಲೇ ಹೇಳಿದರು. ಮರುದಿನ ಸಂವಿಧಾನ ಅಂಗೀಕಾರವಾಯಿತು. ಸದಸ್ಯರು ಅದಕ್ಕೆ ಸಹಿ ಹಾಕಿದ್ದು 1950ರ ಜನವರಿ 24ರಂದು. ಸದಸ್ಯರಲ್ಲದ ರಾಯರ ಸಹಿ ಅದರಲ್ಲಿಲ್ಲ.