ಪ್ರಾಜೆಕ್ಟ್ ಕೊಳ್ಳಬೇಡಿ, ವಿಮಾನ ಕಟ್ಟಿ

ಇಂಜಿನಿಯರಿಂಗ್ ಓದುವ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಗುಟ್ಟೊಂದಿದೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಮಾಡಲೇಬೇಕೆಂದಿಲ್ಲ, ಕೊಂಡರೂ ನಡೆಯುತ್ತದೆ. ಮಾಡೆಲ್, ವರದಿ, ಪಿಪಿಟಿ, ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ, ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಕೊಡುವ ಅಂಗಡಿಗಳಿವೆ. ಪರೀಕ್ಷಕರ ಮುಂದೆ ಲೈಟ್ ಹೊತ್ತಿಕೊಂಡರೆ ಸಾಕು, ಚಕ್ರ ತಿರುಗಿದರೆ ಸಾಕು. ಅಂಕ ಬರುತ್ತದೆ, ಪದವಿಯೂ ಬರುತ್ತದೆ. ಆದರೆ ಕೆಲಸದ ಸಂದರ್ಶನದಲ್ಲಿ ‘ನೀವು ಕೈಯಾರೆ ಏನು ಕಟ್ಟಿದ್ದೀರಿ?’ ಎಂದು ಕೇಳಿದಾಗ ನಾಲಿಗೆ ಒಣಗುತ್ತದೆ.

ಅದಕ್ಕೇ ನಾನು ಹೇಳುವುದಿಷ್ಟು: ಪ್ರತಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ವರ್ಷಕ್ಕೊಂದು ತಂಡವಾದರೂ ಅಂಗಡಿಯಲ್ಲಿ ಸಿಗದ, ಸುಳ್ಳು ಹೇಳಿ ತಪ್ಪಿಸಿಕೊಳ್ಳಲಾಗದ ವಸ್ತುವೊಂದನ್ನು ಬುಡದಿಂದ ಕಟ್ಟಬೇಕು. ರಿಮೋಟ್‌ನಿಂದ ಹಾರುವ ದೊಡ್ಡ ಮಾದರಿ ಜೆಟ್ ವಿಮಾನಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಂಡಿಲ್ಲ. ಪರೀಕ್ಷಕರನ್ನು ಮಾತಿನಲ್ಲಿ ಒಪ್ಪಿಸಬಹುದು. ಗಾಳಿಯನ್ನು ಒಪ್ಪಿಸಲು ಬರುವುದಿಲ್ಲ.

ನಾವು ನಾಲ್ವರು ಗೆಳೆಯರು ಈಗ ಕಟ್ಟುತ್ತಿರುವುದು ಎಚ್‌ಎಫ್-24 ಮಾರುತ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ, ಭಾರತದಲ್ಲೇ ವಿನ್ಯಾಸಗೊಂಡ ಮೊದಲ ಯುದ್ಧ ಜೆಟ್ ಅದು. ನಿಜವಾದ ಮಾರುತ್ ಉದ್ದ ಸುಮಾರು 15.9 ಮೀಟರ್, ರೆಕ್ಕೆಯ ಹರವು 9 ಮೀಟರ್. ನಮ್ಮದು ಆರರಲ್ಲಿ ಒಂದು ಅಳತೆ. ಅಂದರೆ ಉದ್ದ 2.6 ಮೀಟರ್ ದಾಟುತ್ತದೆ, ರೆಕ್ಕೆಯ ಹರವು ಒಂದೂವರೆ ಮೀಟರ್. ರಜೆ ಬಂದಾಗ ಅಲಖನೂರಿನ ನಮ್ಮ ಮನೆಯ ಪತ್ರಾಸ್ ಶೆಡ್ಡೇ ಕಾರ್ಖಾನೆ. ನೋಡಲು ಬಂದ ಹಿರಿಯರೊಬ್ಬರು ಕೇಳಿದರು: “ತಮ್ಮಾ, ಇದು ಕಬ್ಬಿಗೆ ಎಣ್ಣಿ ಹೊಡಿತೈತೇನು?” ಇಲ್ಲ ಕಾಕಾ ಎಂದೆ. “ಮತ್ಯಾಕ ಬೇಕಿದು?” ಎಂದರು.

ನ್ಯಾಯವಾದ ಪ್ರಶ್ನೆ. ರಾಯಬಾಗ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಬಿಇ ಫೀ ಕಟ್ಟುವುದು ಕಬ್ಬಿನ ಬಿಲ್ಲಿನಿಂದ. ಅದರಲ್ಲಿ ಉಳಿದ ದುಡ್ಡನ್ನು ಫೋಮ್, ಪ್ಲೈವುಡ್, ಬ್ಯಾಟರಿಗೆ ಹಾಕಿದರೆ ಮನೆಯವರು ಕೇಳದೇ ಇರುತ್ತಾರೆಯೇ? ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನಮ್ಮ ಜವಾಬ್ದಾರಿ.

ಮೊದಲನೆಯ ಉತ್ತರ, ಕಲಿಕೆ. ‘ಸಣ್ಣದು ಮಾಡಿದರೆ ಆಯಿತಲ್ಲ, ಅದರಲ್ಲೇನು?’ ಎಂದು ಹಲವರು ಅಂದುಕೊಳ್ಳುತ್ತಾರೆ. ಲೆಕ್ಕ ಅಷ್ಟು ಸರಳವಲ್ಲ. ಅಳತೆ ಆರರಲ್ಲಿ ಒಂದಾದರೆ ರೆಕ್ಕೆಯ ವಿಸ್ತೀರ್ಣ 36ರಲ್ಲಿ ಒಂದಾಗುತ್ತದೆ, ತೂಕ 216ರಲ್ಲಿ ಒಂದಾಗಬೇಕು. ಹಾರಲು ಸಜ್ಜಾದ ಮಾರುತ್ ಸುಮಾರು ಒಂಬತ್ತು ಟನ್. ಆ ಲೆಕ್ಕದಲ್ಲಿ ಮಾದರಿಯ ತೂಕ 40 ಕೆ.ಜಿ. ದಾಟುತ್ತದೆ. ಅಷ್ಟು ಭಾರದ್ದನ್ನು ನಮ್ಮ ಕೈಯಲ್ಲಿ ಹಾರಿಸುವುದೂ ಕಷ್ಟ, ಇಳಿಸುವುದು ಇನ್ನೂ ಕಷ್ಟ. ನಮ್ಮ ಗುರಿ 12 ಕೆ.ಜಿ. ಆ ತೂಕಕ್ಕೆ ಗಂಟೆಗೆ ಸುಮಾರು 60 ಕಿ.ಮೀ. ವೇಗಕ್ಕಿಂತ ಕೆಳಗೆ ಹೋದರೆ ರೆಕ್ಕೆ ಅದನ್ನು ಎತ್ತಿ ಹಿಡಿಯುವುದಿಲ್ಲ. ತೂಕ 16 ಕೆ.ಜಿ. ಆದರೆ ಆ ಮಿತಿ 70ಕ್ಕೆ ಏರುತ್ತದೆ. ಇಳಿಯುವ ವೇಗ ಇದಕ್ಕಿಂತಲೂ ಹೆಚ್ಚಿರಬೇಕು. ಮೂರನೇ ಸೆಮಿಸ್ಟರಿನ ಪುಸ್ತಕದಲ್ಲಿ ತೂಕವೆಂದರೆ ‘ಡಬ್ಲ್ಯು’ ಎಂಬ ಒಂದು ಅಕ್ಷರ. ಶೆಡ್ಡಿನಲ್ಲಿ ಅದು ಪ್ರತಿಯೊಂದು ಸ್ಕ್ರೂ, ಪ್ರತಿಯೊಂದು ಹನಿ ಅಂಟು.

ಬಾಲಕ್ಕೆ ಸ್ವಲ್ಪ ಬಣ್ಣ ಹೆಚ್ಚಾದರೂ ತೂಕದ ಕೇಂದ್ರ ಹಿಂದೆ ಸರಿಯುತ್ತದೆ, ಅದನ್ನು ಸರಿದೂಗಿಸಲು ಮೂಗಿನಲ್ಲಿ ಸೀಸ ಸೇರಿಸಬೇಕು. ಮೂರು ಕೆ.ಜಿ. ಬ್ಯಾಟರಿಯನ್ನು ನಾಲ್ಕು ಬೆರಳು ಹಿಂದಿಟ್ಟರೆ ಇಡೀ ವಿಮಾನದ ತೂಕದ ಕೇಂದ್ರ ಎರಡು ಸೆಂ.ಮೀ.ನಷ್ಟು ಹಿಂದಾಗುತ್ತದೆ. ಹಾರುವ ವಿಮಾನ ಮಾತು ಕೇಳುವುದಕ್ಕೂ ಕೇಳದಿರುವುದಕ್ಕೂ ಅಷ್ಟೇ ಅಂತರ.

ಜೆಟ್ ಎಂದ ಮಾತ್ರಕ್ಕೆ ಒಳಗೆ ಬೆಂಕಿ ಉರಿಯಲೇಬೇಕೆಂದಿಲ್ಲ. ಮಾದರಿಗಳಿಗೆಂದೇ ಸೀಮೆಎಣ್ಣೆಯಲ್ಲಿ ಓಡುವ ಪುಟ್ಟ ಟರ್ಬೈನುಗಳಿವೆ, ಅವು ನಮ್ಮಂಥವರ ಕೈಗೆ ಎಟುಕುವ ಬೆಲೆಯವಲ್ಲ. ನಾವು ಬಳಸುತ್ತಿರುವುದು ಕೊಳವೆಯೊಳಗೆ ತಿರುಗುವ ವಿದ್ಯುತ್ ಫ್ಯಾನ್. ಮಾರುತ್‌ಗೆ ಎರಡು ಇಂಜಿನ್, ಹಾಗಾಗಿ ನಮ್ಮದಕ್ಕೂ ಎರಡು ಫ್ಯಾನ್. ಎರಡೂ ಪೂರ್ತಿ ತಿರುಗಿದಾಗ ಹೆಚ್ಚುಕಡಿಮೆ ತೋಟದ 7.5 ಎಚ್‌ಪಿ ಬೋರವೆಲ್ ಮೋಟರಿನಷ್ಟು ಶಕ್ತಿ ಎಳೆಯುತ್ತವೆ. ಅದೂ ಕೈಯಲ್ಲಿ ಹಿಡಿಯುವ ಬ್ಯಾಟರಿಯಿಂದ! ನಾಲ್ಕೈದು ನಿಮಿಷಕ್ಕೆ ಚಾರ್ಜ್ ಮುಗಿಯುತ್ತದೆ. ಆ ನಾಲ್ಕೈದು ನಿಮಿಷದಲ್ಲಿ ಏರಬೇಕು, ತಿರುಗಬೇಕು, ಇಳಿಯಬೇಕು. ವೈರು ಎಷ್ಟು ದಪ್ಪ, ಕನೆಕ್ಟರ್ ಎಷ್ಟು ಬಿಸಿಯಾಗುತ್ತದೆ, ಗಾಳಿ ಒಳಬರುವ ಬಾಯಿ ಎಷ್ಟು ಅಗಲ ಎಂಬ ಪ್ರಶ್ನೆಗಳು ಬಂದಾಗ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಎಂಬ ಗೋಡೆಗಳು ತಾನಾಗಿಯೇ ಬೀಳುತ್ತವೆ.

ಎರಡನೆಯ ಉತ್ತರ ನಮ್ಮ ನಾಡಿನ ಇತಿಹಾಸದಲ್ಲಿದೆ. ಮಾರುತ್ ವಿನ್ಯಾಸಕ್ಕೆಂದು ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಭಾರತಕ್ಕೆ ಬಂದರು. ಲೋಹದ ಜೆಟ್ ಸಿದ್ಧವಾಗುವ ಮೊದಲು ಎಚ್‌ಎಎಲ್ ತಂಡ ಅದೇ ಆಕಾರದ, ಅದೇ ಅಳತೆಯ, ಇಂಜಿನ್ ಇಲ್ಲದ ಮರದ ಗ್ಲೈಡರ್ ಒಂದನ್ನು ಕಟ್ಟಿತು. ಅದರ ಹೆಸರು ಎಕ್ಸ್-241. ಡಕೋಟಾ ವಿಮಾನ ಅದನ್ನು ಹಗ್ಗದಲ್ಲಿ ಎಳೆದು ಮೇಲಕ್ಕೊಯ್ದು ಬಿಡುತ್ತಿತ್ತು. ಹೀಗೆ ಎಪ್ಪತ್ತಕ್ಕೂ ಹೆಚ್ಚು ಬಾರಿ ಹಾರಿಸಿ ಗುಣದೋಷ ತಿಳಿದುಕೊಂಡ ಮೇಲೆ, 1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದ ಮಾರುತ್ ಹಾರಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇದೆ. ಆ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟು ವಿದ್ಯಾರ್ಥಿಗಳಿಗೆ ಅವರು ಯಾರೆಂದು ಗೊತ್ತು?

ಆ ಕಾಲ ಮುಗಿಯಿತು, ಈಗ ಎಲ್ಲವೂ ಕಂಪ್ಯೂಟರಿನಲ್ಲೇ ಆಗುತ್ತದೆ ಎನ್ನುವವರಿಗೆ ಚಿತ್ರದುರ್ಗದ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ 2022ರ ಜುಲೈ 1ರಂದು ಬಾಲವಿಲ್ಲದ, ಪೈಲಟ್ ಇಲ್ಲದ ಪುಟ್ಟ ಜೆಟ್ ಒಂದು ತಾನಾಗಿಯೇ ಏರಿ, ಹಾರಿ, ಇಳಿಯಿತು. ಮುಂದೆ ಬರಲಿರುವ ದೊಡ್ಡ ವಿಮಾನಕ್ಕೆ ಬೇಕಾದ ತಂತ್ರಜ್ಞಾನವನ್ನು ಸಣ್ಣ ಅಳತೆಯಲ್ಲಿ ಪರೀಕ್ಷಿಸುವುದೇ ಅದರ ಉದ್ದೇಶ. ಸೂಪರ್ ಕಂಪ್ಯೂಟರ್ ಇದ್ದವರೂ ಮಾದರಿ ಕಟ್ಟಿ ಹಾರಿಸುತ್ತಾರೆ. ನಮ್ಮ ಕಾಲೇಜುಗಳು ಮಾತ್ರ ಪರದೆಯ ಮೇಲಿನ ಬಣ್ಣದ ಚಿತ್ರಕ್ಕೇ ಪೂರ್ಣ ಅಂಕ ಕೊಡುತ್ತವೆ.

ಮಾರುತ್ ಇನ್ನೊಂದು ಪಾಠವನ್ನೂ ಹೇಳುತ್ತದೆ. ಅದರ ಮೈಕಟ್ಟು ಚೆನ್ನಾಗಿತ್ತು, ಆದರೆ ಅದಕ್ಕೆ ತಕ್ಕ ಶಕ್ತಿಯ ಇಂಜಿನ್ ಕೊನೆಗೂ ಸಿಗಲಿಲ್ಲ. ಶಬ್ದದ ವೇಗ ಮೀರಬೇಕಿದ್ದ ವಿಮಾನ ನೇರ ಹಾರಾಟದಲ್ಲಿ ಆ ಗೆರೆ ದಾಟಲಿಲ್ಲ. 147 ಮಾರುತ್‌ಗಳು ತಯಾರಾದ ಮೇಲೆ ಕಥೆ ಮುಗಿಯಿತು. ಇಂದಿನ ತೇಜಸ್ ಕೂಡ ಅಮೆರಿಕದ ಇಂಜಿನ್ನಿನಿಂದಲೇ ಹಾರುತ್ತಿದೆ. ಈ ಕೊರತೆ ಭಾಷಣದಿಂದ ತುಂಬುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲೇ ಫ್ಯಾನಿನ ರೆಕ್ಕೆ, ಕೊಳವೆ, ಕಂಪನಗಳ ಜತೆ ಗುದ್ದಾಡಿದವರು ಸಾವಿರ ಸಂಖ್ಯೆಯಲ್ಲಿ ಬೇಕು.

ಇನ್ನು ಆಕ್ಷೇಪಗಳು. ‘ಇದು ಶ್ರೀಮಂತರ ಹವ್ಯಾಸ’ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಜೆಟ್ ಕೊಂಡರೆ ಹೌದು. ಬುಡದಿಂದ ಕಟ್ಟಿದರೆ ಖರ್ಚಿನ ಬಹುಪಾಲು ಮೋಟರ್, ಬ್ಯಾಟರಿ, ರಿಮೋಟಿಗೆ ಹೋಗುತ್ತದೆ. ಅವನ್ನು ಬಿಚ್ಚಿ ಮುಂದಿನ ವರ್ಷದ ತಂಡಕ್ಕೆ ಕೊಡಬಹುದು. ಉಳಿದದ್ದು ಕೈಕೆಲಸ. ಅದಕ್ಕೆ ನಮ್ಮ ಭಾಗದಲ್ಲಿ ಗುರುಗಳ ಬರ ಇಲ್ಲ. ವಿಮಾನದ ಗಾಲಿಯ ಕಾಲನ್ನು ಹೇಗೆ ಬಾಗಿಸಬೇಕೆಂದು ನಮಗೆ ತೋರಿಸಿಕೊಟ್ಟವರು ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿಯ ಮಿಸ್ತ್ರಿ. ಪ್ಲೈವುಡ್ಡಿನ ಎಳೆ ಯಾವ ಕಡೆ ಇರಬೇಕೆಂದು ಹೇಳಿದವರು ಬಾಗಿಲು ಮಾಡುವ ಬಡಿಗೇರ ಕಾಕಾ. ಕಾಲೇಜು ಮತ್ತು ವರ್ಕ್‌ಶಾಪ್ ನಡುವೆ ನಾವು ಕಟ್ಟಿಕೊಂಡ ದೂರ ಎಷ್ಟೆಂದು ಅಲ್ಲಿ ಕೂತಾಗ ತಿಳಿಯುತ್ತದೆ.

‘ಅಪಾಯ’ ಎನ್ನುವುದು ಎರಡನೆಯದು. ನಿಜ. 12 ಕೆ.ಜಿ. ವಸ್ತು ಆ ವೇಗದಲ್ಲಿ ಬಂದರೆ ಅದು ಆಟಿಕೆಯಲ್ಲ. ಅದಕ್ಕೇ ನಿಯಮ ಓದಬೇಕು. 2021ರ ಡ್ರೋನ್ ನಿಯಮಗಳು 25 ಕೆ.ಜಿ. ಮೀರದ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ, ಕಲಿಕೆ, ಸಂಶೋಧನೆ ಅಥವಾ ಮನರಂಜನೆಗಷ್ಟೇ ಬಳಸುವ ಮಾದರಿಗಳನ್ನು ಬೇರೆಯಾಗಿ ಗುರುತಿಸಿವೆ. ಅವಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ಹಾಗೆಂದು ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯ ನೋಡಬೇಕು, ಅಲ್ಲಿಯೂ 400 ಅಡಿಯ ಮಿತಿ ಇದೆ. ಕರೆಂಟ್ ತಂತಿ, ಜನ, ದನ ಇಲ್ಲದ ಬಯಲು ಬೇಕು. ನಾವು ಮೊದಲು ಹನ್ನೆರಡರಲ್ಲಿ ಒಂದು ಅಳತೆಯ ಫೋಮ್ ಮಾರುತ್ ಮಾಡಿ ಹಾರಿಸಿ ನೋಡಿದ್ದೂ ಇದೇ ಎಚ್ಚರಿಕೆಯಿಂದ. ದೊಡ್ಡದು ಇನ್ನೂ ಹಾರಿಲ್ಲ. ಫ್ಯಾನುಗಳ ನೂಕುಬಲವನ್ನು ತೂಕದ ಕಾಟಾಕ್ಕೆ ಕಟ್ಟಿ ಅಳೆಯುತ್ತಿದ್ದೇವೆ. ಆಮೇಲೆ ನೆಲದ ಮೇಲಿನ ಓಟ, ಅದಾದ ಮೇಲೆ ಆಕಾಶ. ಅವಸರವಿಲ್ಲ.

‘ಇದರಿಂದ ನೌಕರಿ ಸಿಗುತ್ತದೆಯೇ?’ ಇದು ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಖಂಡಿತ ಸಿಗುತ್ತದೆ ಎಂದು ಹೇಳಿದರೆ ನಾನೂ ಪ್ರಾಜೆಕ್ಟ್ ಮಾರುವವರ ಸಾಲಿಗೆ ಸೇರುತ್ತೇನೆ. ಆದರೆ ನಮ್ಮ ಜಿಲ್ಲೆಯ ಹತ್ತರಗಿಯಲ್ಲೇ ವೈಮಾನಿಕ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ಬೆಳಗಾವಿಯ ಫೌಂಡ್ರಿಗಳಿವೆ. ಅಲ್ಲಿ ಬೇಕಾದದ್ದು ಅಳತೆ ತಪ್ಪದ ಕೈ, ಡ್ರಾಯಿಂಗ್ ಓದುವ ಕಣ್ಣು, ಕೆಟ್ಟದ್ದೇಕೆಂದು ಹುಡುಕುವ ತಾಳ್ಮೆ. ಈ ಮೂರೂ ಸರ್ಟಿಫಿಕೇಟ್ ಕೋರ್ಸಿನಲ್ಲಿ ಬರುವುದಿಲ್ಲ.

ಕಾಲೇಜುಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಸಂಜೆ ಐದಕ್ಕೆ ಬೀಗ ಬೀಳುವ ವರ್ಕ್‌ಶಾಪನ್ನು ಒಬ್ಬ ಸಿಬ್ಬಂದಿಯ ಉಸ್ತುವಾರಿಯಲ್ಲಿ ರಾತ್ರಿ ಎಂಟರವರೆಗೆ ತೆರೆದಿಡಿ. ಮೋಟರ್, ಬ್ಯಾಟರಿ, ರಿಮೋಟನ್ನು ಲೈಬ್ರರಿ ಪುಸ್ತಕದ ಹಾಗೆ ಎರವಲು ಕೊಡಿ. ಬೇರೆ ಬೇರೆ ವಿಭಾಗದವರು ಸೇರಿ ಒಂದೇ ಪ್ರಾಜೆಕ್ಟ್ ಮಾಡಲು ಬಿಡಿ. ಹಾರದೇ ಹೋದರೂ, ಏಕೆ ಹಾರಲಿಲ್ಲ ಎಂಬುದನ್ನು ಲೆಕ್ಕಸಮೇತ ಬರೆದವರಿಗೆ ಪೂರ್ಣ ಅಂಕ ಕೊಡಿ. ಸೋತ ಪ್ರಾಜೆಕ್ಟಿಗೂ ಅಂಕ ಸಿಗುತ್ತದೆ ಎಂದಾದ ದಿನ ಕೊಂಡ ಪ್ರಾಜೆಕ್ಟಿನ ಅಂಗಡಿ ಅರ್ಧ ಖಾಲಿಯಾಗುತ್ತದೆ.

ಗೆಳೆಯರೇ, ಜೆಟ್ಟೇ ಆಗಬೇಕೆಂದಿಲ್ಲ. ದೋಣಿ ಕಟ್ಟಿ, ಕಬ್ಬು ಕಡಿಯುವ ಯಂತ್ರ ಕಟ್ಟಿ, ಗಾಳಿಗಿರಣಿ ಕಟ್ಟಿ. ಆದರೆ ಪೂರ್ತಿಯಾಗಿ ಕಟ್ಟಿ, ನಿಮ್ಮ ಕೈಯಿಂದಲೇ ಕಟ್ಟಿ. ಎಸ್‌ಎಇ ಇಂಡಿಯಾದಂಥ ಸಂಸ್ಥೆಗಳು ವಿದ್ಯಾರ್ಥಿಗಳಿಗೆಂದೇ ವಿಮಾನ ವಿನ್ಯಾಸ ಸ್ಪರ್ಧೆ ನಡೆಸುತ್ತವೆ, ಅಲ್ಲಿಂದಲೂ ಶುರು ಮಾಡಬಹುದು. ನಾಲ್ಕು ವರ್ಷದ ಕೊನೆಗೆ ಕೈಯಲ್ಲಿ ಅಂಕಪಟ್ಟಿ ಎಲ್ಲರಿಗೂ ಇರುತ್ತದೆ. ಬೆರಳ ಮೇಲೆ ಅಂಟಿನ ಕಲೆ ಇರುವವರು ಎಷ್ಟು ಮಂದಿ ಎಂಬುದೇ ಮುಂದಿನ ಪ್ರಶ್ನೆ.

– ಬಿಇ ಐದನೇ ಸೆಮಿಸ್ಟರ್ ವಿದ್ಯಾರ್ಥಿ, ಅಲಖನೂರ, ರಾಯಬಾಗ ತಾಲ್ಲೂಕು